ಆ 59 ದಿನ

(ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳ ಮಾಲೀಕರ ಎದುರು ಆಡಿದ ಮಾತುಗಳ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ನಡುವೆ ಕರೆಂಟ್ ಹೋಗಿ ಜನರೇಟರ್ ಶುರುವಾಗುವವರೆಗೆ ನಡೆದ ಹರಟೆಯನ್ನೂ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತಿಗೆ ನನ್ನನ್ನು ನಿಲ್ಲಿಸಿದ್ದಾರೆ. ಅದಕ್ಕೇ ಮೊದಲು ನಿಮ್ಮ ಕೈಗೆ ಸ್ವಲ್ಪ ಕೆಲಸ ಕೊಡುತ್ತೇನೆ. ನಿಮ್ಮ ಶಾಪಿನ ವರ್ನಿಯರ್, ಮೈಕ್ರೋಮೀಟರ್‌ಗಳಿಗೆ ಈ ವರ್ಷದ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್, ಅಂದರೆ ಅಳತೆ ಸರಿ ಇದೆ ಅನ್ನುವ ಪತ್ರ, ಯಾರ ಹತ್ತಿರ ಇದೆ? ಕೈ ಎತ್ತಿ. ಹೆಚ್ಚುಕಮ್ಮಿ ಎಲ್ಲರೂ ಎತ್ತಿದಿರಿ. ಸರಿ, ಈಗ ಇನ್ನೊಂದು ಪ್ರಶ್ನೆ. ನಿಮ್ಮ ಆಫೀಸಿನ ಇಂಟರ್ನೆಟ್ ರೂಟರ್‌ಗೆ ಕೊನೆಯ ಸಲ ಅಪ್‌ಡೇಟ್ ಹಾಕಿದ್ದು ಯಾವಾಗ ಅಂತ ಯಾರಿಗೆ ಗೊತ್ತು? ಎರಡು ಕೈ. ಅದರಲ್ಲೂ ಒಂದು ಅರ್ಧಕ್ಕೆ ನಿಂತಿದೆ.

ಬೇಜಾರು ಮಾಡ್ಕೋಬೇಡಿ. ದೊಡ್ಡ ದೊಡ್ಡ ಕಂಪನಿಗಳಲ್ಲಿ ಕೇಳಿದರೂ ಇದೇ ಕಥೆ. ನನ್ನ ಕೆಲಸ ನೆಟ್‌ವರ್ಕ್ ಪರೀಕ್ಷೆ ಮಾಡುವುದು. ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ತಗೊಂಡು, ಕಳ್ಳ ಎಲ್ಲೆಲ್ಲಿಂದ ಒಳಗೆ ನುಗ್ಗಬಹುದು ಅಂತ ಹುಡುಕಿ ಕೊಡುತ್ತೇನೆ. ಯಾರಿಗೂ ಗೊತ್ತಿಲ್ಲದ ಗುಪ್ತ ದಾರಿಯಿಂದ ಹ್ಯಾಕರ್ ಬಂದ ಅಂತ ಸಿನಿಮಾದಲ್ಲಿ ತೋರಿಸುತ್ತಾರಲ್ಲ, ಅಂಥದ್ದು ನನ್ನ ಕಣ್ಣಿಗೆ ಬಿದ್ದಿದ್ದು ಕಡಿಮೆ. ನಾನು ನೋಡಿದ ಹೆಚ್ಚಿನ ಕಡೆ ಅವನು ಬಂದಿದ್ದು ಗೊತ್ತಿದ್ದ ಬಾಗಿಲಿನಿಂದಲೇ. ಯಾರೋ ಒಬ್ಬರು 'ಆಮೇಲೆ ನೋಡೋಣ' ಅಂತ ಬಿಟ್ಟಿದ್ದ ಬಾಗಿಲು. ಇವತ್ತು ನಾನು ಮಾತಾಡುವುದು ಆ 'ಆಮೇಲೆ'ಯ ಬಗ್ಗೆ.

2017ರ ಮೇ 12, ಶುಕ್ರವಾರ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕಂಪ್ಯೂಟರ್ ಪರದೆಗಳು ಒಂದರ ಹಿಂದೆ ಒಂದು ಕೆಂಪಾದವು. ನಿಮ್ಮ ಫೈಲ್‌ಗಳಿಗೆ ಬೀಗ ಬಿದ್ದಿದೆ, ಬಿಟ್‌ಕಾಯಿನ್‌ನಲ್ಲಿ 300 ಡಾಲರ್ ಕೊಟ್ಟರೆ ತೆಗೆಯುತ್ತೇವೆ ಅನ್ನುವ ಸಂದೇಶ. ಬೀಗ ಹಾಕಿದ ಆ ಪ್ರೋಗ್ರಾಮಿನ ಹೆಸರು ವಾನಾಕ್ರೈ. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ತಗುಲಿತು. ಇಂಗ್ಲೆಂಡಿನಲ್ಲಿ ಆಸ್ಪತ್ರೆ ನಡೆಸುವ 236 ಟ್ರಸ್ಟ್‌ಗಳಿದ್ದವು. ಅವುಗಳಲ್ಲಿ ಕನಿಷ್ಠ 80ಕ್ಕೆ ಪೆಟ್ಟು ಬಿತ್ತು. 19,000ಕ್ಕೂ ಹೆಚ್ಚು ಅಪಾಯಿಂಟ್‌ಮೆಂಟ್‌ಗಳು ರದ್ದಾದವು ಅನ್ನುವ ಅಂದಾಜು ಆಮೇಲೆ ಅಲ್ಲಿನ ಲೆಕ್ಕಪರಿಶೋಧಕರ ವರದಿಯಲ್ಲಿ ಬಂತು. ಕೆಲವು ಊರುಗಳಲ್ಲಿ ತುರ್ತು ಚಿಕಿತ್ಸೆಗೆ ಬಂದವರನ್ನು ದೂರದ ಆಸ್ಪತ್ರೆಗೆ ಕಳಿಸಬೇಕಾಯಿತು.

ಈ ವಾನಾಕ್ರೈ ಒಳಗೆ ಬಂದಿದ್ದು ಹೇಗೆ? ವಿಂಡೋಸ್‌ನಲ್ಲಿ ಒಂದು ಕಂಪ್ಯೂಟರಿನ ಫೋಲ್ಡರ್ ಇನ್ನೊಂದರಲ್ಲಿ ಕಾಣಿಸುತ್ತದಲ್ಲ, ನೀವೆಲ್ಲ 'ಶೇರಿಂಗ್' ಅನ್ನುತ್ತೀರಲ್ಲ, ಆ ವ್ಯವಸ್ಥೆಯಲ್ಲಿ ಒಂದು ತೂತಿತ್ತು. ಯಾರೂ ಯಾವ ಲಿಂಕನ್ನೂ ಒತ್ತಬೇಕಾಗಿರಲಿಲ್ಲ. ಒಂದು ಕಂಪ್ಯೂಟರಿಗೆ ಬಂದರೆ ಸಾಕು, ಅದೇ ನೆಟ್‌ವರ್ಕಿನ ಪಕ್ಕದ ಕಂಪ್ಯೂಟರಿಗೆ ತಾನೇ ಹಾರುತ್ತಿತ್ತು. ಈ ತೂತು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಬಿಟ್ಟಿದ್ದು ಅದೇ ವರ್ಷ ಮಾರ್ಚ್ 14ಕ್ಕೆ. ಮಾರ್ಚ್ 14ರಿಂದ ಮೇ 12ರವರೆಗೆ ಎಣಿಸಿ. 59 ದಿನ. ಸಿಕ್ಕಿಬಿದ್ದ ಆಸ್ಪತ್ರೆ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 7. ಅವಕ್ಕೆ ಪ್ಯಾಚ್ ಸಿಗುತ್ತಿತ್ತು. ದುಡ್ಡೂ ಕೊಡಬೇಕಿರಲಿಲ್ಲ. ಹಾಕಿರಲಿಲ್ಲ, ಅಷ್ಟೇ.

ಇದಕ್ಕಿಂತ ನನ್ನನ್ನು ಕಾಡುವ ವಿಷಯ ಇನ್ನೊಂದಿದೆ. ಅಲ್ಲಿ ಆರೋಗ್ಯ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳಲು ಒಂದು ಸಂಸ್ಥೆಯೇ ಇತ್ತು. ಈ ದಾಳಿಗೆ ಮೊದಲೇ ಆ ಸಂಸ್ಥೆಯವರು 88 ಟ್ರಸ್ಟ್‌ಗಳಿಗೆ ಹೋಗಿ ಪರೀಕ್ಷೆ ಮಾಡಿದ್ದರು. ಎಷ್ಟು ಪಾಸಾದವು ಗೊತ್ತಾ? ಒಂದೂ ಇಲ್ಲ. ಆದರೆ ಸರಿಮಾಡಿ ಅಂತ ಗಟ್ಟಿಯಾಗಿ ಹೇಳುವ ಅಧಿಕಾರ ಪರೀಕ್ಷೆ ಮಾಡಿದವರಿಗೆ ಇರಲಿಲ್ಲ. ಅಂದರೆ ರೋಗ ಇದೆ ಅಂತ ಚೀಟಿ ಬರೆದುಕೊಟ್ಟಾಗಿತ್ತು, ಔಷಧಿ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತಿತ್ತು. ತಂದು ಕುಡಿದವರು ಕಡಿಮೆ. ಅದೂ ಆಸ್ಪತ್ರೆಗಳಲ್ಲಿ!

ನನ್ನ ಕೆಲಸದಲ್ಲಿ ಇದನ್ನು ತಿಂಗಳಿಗೊಮ್ಮೆಯಾದರೂ ನೋಡುತ್ತೇನೆ. ನಿಮ್ಮ ದೊಡ್ಡ ಗಿರಾಕಿ 'ವಿಎಪಿಟಿ ರಿಪೋರ್ಟ್ ಕೊಡಿ' ಅಂತ ಮೇಲ್ ಹಾಕುತ್ತಾರೆ. ವಿಎಪಿಟಿ ಅಂದರೆ ನೆಟ್‌ವರ್ಕಿನ ತೂತು ಹುಡುಕುವ ಪರೀಕ್ಷೆ. ನೀವು ನಮ್ಮಂಥವರನ್ನು ಕರೆಸುತ್ತೀರಿ. ನಾವು ಎರಡು ದಿನ ಕೂತು ಪರೀಕ್ಷೆ ಮಾಡಿ, ದಪ್ಪನೆಯ ರಿಪೋರ್ಟ್ ಕೊಡುತ್ತೇವೆ. ಅದರ ಮೊದಲ ಪುಟ ಗಿರಾಕಿಗೆ ಹೋಗುತ್ತದೆ. ಉಳಿದದ್ದು ಬೀರುವಿಗೆ ಹೋಗುತ್ತದೆ. ಮುಂದಿನ ವರ್ಷ ಹೋದಾಗ ಅದೇ ತೂತು, ಅದೇ ಜಾಗದಲ್ಲಿ, ನನ್ನನ್ನೇ ಕಾಯುತ್ತಾ ಕೂತಿರುತ್ತದೆ. ಒಂದು ಕಡೆ ಸತತ ಮೂರು ವರ್ಷ ಒಂದೇ ಪಾಸ್‌ವರ್ಡಿನಿಂದ ಒಳಗೆ ಹೋಗಿದ್ದೇನೆ. ಮೂರನೇ ವರ್ಷ ನನಗೇ ನಾಚಿಕೆಯಾಯಿತು.

ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೀರಿ, 'ಇವೆಲ್ಲ ಇಂಗ್ಲೆಂಡು ಅಮೆರಿಕದ ಕಥೆ. ನಮ್ಮದು ಹದಿನೈದು ಜನರ ಶಾಪು. ಜಾಬ್ ವರ್ಕ್ ಮಾಡ್ತೀವಿ. ನಮ್ಮ ಹತ್ರ ಕದಿಯೋಕೆ ಏನಿದೆ?' ಈ ಪ್ರಶ್ನೆಗೆ ನೇರವಾಗಿ ಉತ್ತರ ಹೇಳುವ ಬದಲು ಒಂದು ಶಾಪಿಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಹೆಸರು ಬೇಡ. ಇಲ್ಲೇ ಹತ್ತಿರದ್ದು ಅಂದುಕೊಳ್ಳಿ.

ನಾಲ್ಕು ಸಿಎನ್‌ಸಿ ಮಷೀನು, ಎರಡು ಹಳೆಯ ಲೇತು, ಮಹಡಿ ಮೇಲೆ ಆಫೀಸು. ಆಫೀಸಿನಲ್ಲಿ ಅಕೌಂಟ್ಸ್ ನೋಡುವ ಮೇಡಮ್, ಅವರ ಟೇಬಲ್ ಕೆಳಗೆ ಟ್ಯಾಲಿ ಇರುವ ಕಂಪ್ಯೂಟರ್. 2020ರ ಲಾಕ್‌ಡೌನ್‌ನಲ್ಲಿ ಆ ಮೇಡಮ್ ಮನೆಯಿಂದ ಬಿಲ್ ಹಾಕಬೇಕಾಯಿತು. ಆಗ ಕಂಪ್ಯೂಟರ್ ರಿಪೇರಿಗೆ ಬರುವ ಹುಡುಗ ಒಂದು ಉಪಾಯ ಮಾಡಿದ. ರೂಟರಿನಲ್ಲಿ ಒಂದು ಪೋರ್ಟ್, ಅಂದರೆ ಇಂಟರ್ನೆಟ್ಟಿನಿಂದ ಒಳಗೆ ಬರುವ ಒಂದು ಬಾಗಿಲು ತೆರೆದು, ಹೊರಗಿನಿಂದ ನೇರವಾಗಿ ಆ ಕಂಪ್ಯೂಟರಿಗೆ ರಿಮೋಟ್ ಡೆಸ್ಕ್‌ಟಾಪ್ ಬರುವ ಹಾಗೆ, ಅಂದರೆ ಮನೆಯಲ್ಲೇ ಕೂತು ಆಫೀಸಿನ ಕಂಪ್ಯೂಟರ್ ನಡೆಸುವ ಹಾಗೆ ಮಾಡಿಕೊಟ್ಟ. ಹತ್ತು ನಿಮಿಷದ ಕೆಲಸ. ಎಲ್ಲರಿಗೂ ಖುಷಿ. ಲಾಕ್‌ಡೌನ್ ಮುಗಿಯಿತು, ಮೇಡಮ್ ಆಫೀಸಿಗೆ ಬರತೊಡಗಿದರು, ಆ ಹುಡುಗ ಬೇರೆ ಕೆಲಸಕ್ಕೆ ಸೇರಿದ. ಪೋರ್ಟ್ ಮಾತ್ರ ಹಾಗೇ ತೆರೆದಿತ್ತು.

ನಾನು ಹೋದಾಗ ಮಾಲೀಕರನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ಅಂತ ಇದೆ. ಯಾರು ಯಾವಾಗ ಲಾಗಿನ್ ಆದರು, ಯಾರು ಆಗಲು ಹೋಗಿ ಸೋತರು ಅಂತ ಅದು ಬರೆದಿಟ್ಟುಕೊಳ್ಳುತ್ತದೆ. ತಪ್ಪು ಪಾಸ್‌ವರ್ಡ್ ಬಿದ್ದರೆ 4625 ಅನ್ನುವ ಸಂಖ್ಯೆ. ಸರಿಯಾಗಿ ಒಳಗೆ ಬಂದರೆ 4624. ನಾನು 4625 ಮಾತ್ರ ತೋರಿಸು ಅಂತ ಕೊಟ್ಟೆ. ಪರದೆ ತುಂಬಿತು. ಕೆಳಗೆ ಸರಿಸಿದೆ, ಇನ್ನೂ ಇದೆ. ಮತ್ತೆ ಸರಿಸಿದೆ. ರಾತ್ರಿ 2 ಗಂಟೆ 14 ನಿಮಿಷ 7 ಸೆಕೆಂಡ್, ಹೆಸರು ಅಡ್ಮಿನ್. 9ನೇ ಸೆಕೆಂಡ್, ಅಡ್ಮಿನಿಸ್ಟ್ರೇಟರ್. 12ನೇ ಸೆಕೆಂಡ್, ಯೂಸರ್. ಆಮೇಲೆ ಟೆಸ್ಟ್, ಸ್ಕ್ಯಾನರ್, ಅಕೌಂಟ್ಸ್. ಮಾಲೀಕರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು. 'ರಾತ್ರಿ ಎರಡು ಗಂಟೆಗೆ ಆಫೀಸಿಗೆ ಯಾರು ಬರ್ತಾರೆ ಸಾರ್? ವಾಚ್‌ಮನ್ ಬಿಟ್ಟರೆ ಯಾರೂ ಇರಲ್ಲ' ಅಂದರು.

ಯಾರೂ ಬಂದಿರಲಿಲ್ಲ. ಅದೊಂದು ಪ್ರೋಗ್ರಾಮು. ಅದಕ್ಕೆ ನಿಮ್ಮ ಹೆಸರು ಗೊತ್ತಿಲ್ಲ, ನೀವು ಏನು ತಯಾರಿಸುತ್ತೀರಿ ಅಂತ ಗೊತ್ತಿಲ್ಲ, ಪೀಣ್ಯ ಎಲ್ಲಿದೆ ಅಂತಲೂ ಗೊತ್ತಿಲ್ಲ. ಬೀದಿಯಲ್ಲಿ ನಿಂತಿರುವ ಎಲ್ಲಾ ಕಾರುಗಳ ಹಿಡಿಕೆಯನ್ನೂ ಎಳೆದು ನೋಡುತ್ತಾ ಹೋಗುವವನ ಹಾಗೆ ಅದು. 2013ರಲ್ಲೇ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ಜೀಮ್ಯಾಪ್ ಅನ್ನುವ ಉಪಕರಣ ಮಾಡಿ ತೋರಿಸಿದರು. ಇಂಟರ್ನೆಟ್ಟಿನ ಹಳೆಯ ಮಾದರಿಯ ಎಲ್ಲಾ ವಿಳಾಸಗಳನ್ನು, ಅಂದರೆ 400 ಕೋಟಿಗೂ ಹೆಚ್ಚು ಮನೆಗಳನ್ನು, ಒಂದು ಬಾಗಿಲಿನ ಲೆಕ್ಕದಲ್ಲಿ ಮುಕ್ಕಾಲು ಗಂಟೆಯೊಳಗೆ ತಟ್ಟಿ ಬರಬಹುದು, ಅದೂ ಒಂದೇ ಕಂಪ್ಯೂಟರಿನಿಂದ. ಹಾಗಿರುವಾಗ 'ನಾವು ಸಣ್ಣವರು, ನಮ್ಮನ್ನು ಯಾರು ಹುಡುಕುತ್ತಾರೆ' ಅನ್ನುವ ಮಾತಿಗೆ ಅರ್ಥ ಇಲ್ಲ. ಯಾರೂ ನಿಮ್ಮನ್ನು ಹುಡುಕುತ್ತಿಲ್ಲ. ತೆರೆದ ಬಾಗಿಲನ್ನು ಹುಡುಕುತ್ತಿದ್ದಾರೆ.

ಆ ಶಾಪಿನ ಕಥೆ ಮುಗಿದಿಲ್ಲ. 4625 ನೋಡಿ ಆಯಿತು. ಇನ್ನು 4624 ನೋಡಬೇಕು, ಅಂದರೆ ಯಾರಾದರೂ ಒಳಗೆ ಬಂದೇಬಿಟ್ಟಿದ್ದಾರಾ ಅಂತ. ನಿಜ ಹೇಳಬೇಕೆಂದರೆ ಈ ಗಳಿಗೆಯಲ್ಲಿ ನನಗೂ ಹೊಟ್ಟೆ ಚುರುಕ್ ಅನ್ನುತ್ತದೆ. ನೋಡಿದೆವು. ಮೇಡಮ್ ಹೆಸರು ಬಿಟ್ಟರೆ ಬೇರೆ ಇರಲಿಲ್ಲ. ಮಾಲೀಕರು 'ಬಚಾವ್' ಅಂದರು. ಆದರೆ ನಾನು ಇನ್ನೊಂದು ಗಮನಿಸಿದೆ. ದಾಖಲೆ ಇದ್ದಿದ್ದೇ ಮೂರು ದಿನದ್ದು. ಆ ಲಾಗ್ ಫೈಲಿಗೆ ಇಷ್ಟು ಜಾಗ ಅಂತ ಒಂದು ಮಿತಿ ಇರುತ್ತದೆ. ತುಂಬಿದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ತಪ್ಪು ಪಾಸ್‌ವರ್ಡ್‌ಗಳ ಮಳೆ ಎಷ್ಟಿತ್ತು ಅಂದರೆ ಮೂರೇ ದಿನಕ್ಕೆ ತುಂಬಿ ಹೋಗುತ್ತಿತ್ತು. ಅದರ ಹಿಂದಿನ ವಾರ, ಹಿಂದಿನ ತಿಂಗಳು, ಹಿಂದಿನ ವರ್ಷ ಯಾರು ಬಂದು ಹೋಗಿದ್ದರೋ ಅವರ ಪತ್ತೆ ಇವತ್ತಿಗೂ ನಮಗೆ ಸಿಕ್ಕಿಲ್ಲ.

ಇಲ್ಲೇ ಒಂದು ಕಾನೂನಿನ ಮಾತು ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಅನ್ನುವ ಸಂಸ್ಥೆ 2022ರ ಏಪ್ರಿಲ್ 28ರಂದು ಒಂದು ಆದೇಶ ಹೊರಡಿಸಿತು. ಇಂಥ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ದಾಳಿ ಆಗಿದೆ ಅಂತ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಸಣ್ಣ ಉದ್ಯಮಗಳಿಗೆ ತಯಾರಾಗಲು ಆ ವರ್ಷದ ಸೆಪ್ಟೆಂಬರ್ 25ರವರೆಗೆ ಸಮಯ ಕೊಟ್ಟಿದ್ದರು, ಅದೂ ಮುಗಿದು ಬಹಳ ಕಾಲವಾಯಿತು. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಂತೂ ಜನರ ಮಾಹಿತಿಯನ್ನು ಸರಿಯಾಗಿ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ. ದಂಡದ ಹೆದರಿಕೆ ತೋರಿಸಿ ಕೆಲಸ ಮಾಡಿಸುವುದು ನನಗೆ ಇಷ್ಟ ಇಲ್ಲ, ಆದ್ದರಿಂದ ಮುಂದೆ ಹೋಗೋಣ.

ಆ ಶಾಪಿನಲ್ಲಿ ಆ ಬಾಗಿಲು ಮುಚ್ಚಲು ಹಿಡಿದ ಸಮಯ ಇಪ್ಪತ್ತು ನಿಮಿಷ. ರೂಟರಿನಲ್ಲಿ ಪೋರ್ಟ್ ತೆಗೆದೆವು. ಮನೆಯಿಂದ ಕೆಲಸ ಬೇಕೇ ಬೇಕು ಅಂದರೆ ವಿಪಿಎನ್, ಅಂದರೆ ಗೊತ್ತಿದ್ದವರಿಗೆ ಮಾತ್ರ ತೆರೆಯುವ ಗೂಢಲಿಪಿಯ ದಾರಿ, ಅದರ ಮೂಲಕ ಬನ್ನಿ, ಪಾಸ್‌ವರ್ಡ್ ಜೊತೆ ಫೋನಿಗೆ ಬರುವ ಕೋಡನ್ನೂ ಹಾಕಿ ಅಂತ ಮಾಡಿಕೊಟ್ಟೆವು. ಐದು ಸಲ ತಪ್ಪಿದರೆ ಸ್ವಲ್ಪ ಹೊತ್ತು ಬೀಗ ಬೀಳುವ ಹಾಗೆ ಮಾಡಿದೆವು. ಲಾಗ್‌ಗೆ ಜಾಗ ಹೆಚ್ಚು ಕೊಟ್ಟೆವು. ನಾಲ್ಕು ವರ್ಷ ತೆರೆದಿದ್ದ ಬಾಗಿಲು, ಇಪ್ಪತ್ತು ನಿಮಿಷ.

ಕ್ಯಾಮೆರಾದ ಚಿತ್ರ ಉಳಿಸಿಡುವ ಡಿವಿಆರ್ ಡಬ್ಬದ ಕಥೆಯೂ ಹೆಚ್ಚುಕಮ್ಮಿ ಇದೇ. ಮಾಲೀಕರು ಮನೆಯಲ್ಲಿ ಕೂತು ಫೋನಿನಲ್ಲಿ ಶಾಪ್ ನೋಡಬೇಕು. ಅದಕ್ಕೆ ಕ್ಯಾಮೆರಾ ಹಾಕಿದವರು ಅದರ ಪೋರ್ಟನ್ನೂ ಬೀದಿಗೆ ತೆರೆದಿಟ್ಟು, ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಬಿಟ್ಟು ಹೋಗಿರುತ್ತಾರೆ. 2016ರಲ್ಲಿ ಮಿರಾಯ್ ಅನ್ನುವ ಒಂದು ಮಾಲ್‌ವೇರ್, ಅಂದರೆ ಕೇಡು ಮಾಡುವ ಪ್ರೋಗ್ರಾಮ್, ಹೀಗೇ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶ ಮಾಡಿಕೊಂಡಿತು. ಅದರ ಕೈಯಲ್ಲಿದ್ದಿದ್ದು 60 ಚಿಲ್ಲರೆ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ. ಅದೇ ಅಕ್ಟೋಬರ್ 21ರಂದು ಆ ಡಬ್ಬಗಳ ದಂಡು ಕಟ್ಟಿಕೊಂಡು ವೆಬ್‌ಸೈಟ್ ಹೆಸರಿಗೆ ಇಂಟರ್ನೆಟ್ ವಿಳಾಸ ಹುಡುಕಿಕೊಡುವ ಡಿನ್ ಅನ್ನುವ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಅಮೆರಿಕದ ಬಹಳ ಕಡೆ ನಿಂತುಹೋದವು. ಕಳ್ಳನನ್ನು ಹಿಡಿಯಲು ತಂದ ಡಬ್ಬ ಕಳ್ಳನ ಗ್ಯಾಂಗಿಗೇ ಸೇರಿತು.

ಇನ್ನು ಕೆಳಗೆ, ಮಷೀನ್ ಇರುವ ಕಡೆ ಬನ್ನಿ. ಅಲ್ಲೊಂದು ಗಂಟಿದೆ. ನಾಲ್ಕರಲ್ಲಿ ಒಂದು ಮಷೀನಿನ ಜೊತೆ ಬಂದ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಮೈಕ್ರೋಸಾಫ್ಟ್ ಎಕ್ಸ್‌ಪಿಯನ್ನು ಕೈಬಿಟ್ಟಿದ್ದು 2014ರ ಏಪ್ರಿಲ್‌ನಲ್ಲಿ. ಮಷೀನ್ ಮಾತ್ರ ಬೆಣ್ಣೆ ಹಾಗೆ ಓಡುತ್ತಿದೆ. ಹೊಸ ವಿಂಡೋಸ್ ಹಾಕಿದರೆ ಕಂಟ್ರೋಲರಿನ ಸಾಫ್ಟ್‌ವೇರ್ ನಡೆಯುವುದಿಲ್ಲ. ನಮ್ಮ ಕೆಲಸದ ಹುಡುಗರು ಕೆಲವರು ಇಂಥದ್ದನ್ನು ನೋಡಿ, 'ಹಳೆಯದು, ಬದಲಾಯಿಸಿ' ಅಂತ ರಿಪೋರ್ಟಿನಲ್ಲಿ ಬರೆದು ಕೈ ತೊಳೆದುಕೊಳ್ಳುತ್ತಾರೆ. ಮಷೀನ್ ಬೆಲೆ ಎಷ್ಟು ಅಂತ ಬರೆದವನಿಗೆ ಗೊತ್ತಾ? ಇಂಥ ಸಲಹೆ ಕೊಟ್ಟರೆ ಓದಿದ ಮಾಲೀಕರು ಮಿಕ್ಕ ರಿಪೋರ್ಟನ್ನೂ ನಂಬುವುದಿಲ್ಲ. ತಪ್ಪು ನಮ್ಮದೇ.

ಇದಕ್ಕೆ ದಾರಿ ನಿಮ್ಮ ಶಾಪಿನಲ್ಲೇ ಇದೆ. ಅಳತೆ ತಪ್ಪಿದ ಗೇಜ್ ಸಿಕ್ಕರೆ ಏನು ಮಾಡುತ್ತೀರಿ? ಕೆಂಪು ಟ್ಯಾಗ್ ಕಟ್ಟಿ, ಬೇರೆ ಇಡುತ್ತೀರಿ, ಉಳಿದವುಗಳ ಜೊತೆ ಬೆರೆಯಲು ಬಿಡುವುದಿಲ್ಲ. ಹಾಗೇ ಈ ಕಂಪ್ಯೂಟರನ್ನೂ ಬೇರೆ ಮಾಡಬೇಕು. ಮಷೀನ್‌ಗಳ ನೆಟ್‌ವರ್ಕ್ ಬೇರೆ, ಆಫೀಸಿನದು ಬೇರೆ, ಬಂದುಹೋಗುವವರ ವೈಫೈ ಬೇರೆ. ಎಕ್ಸ್‌ಪಿ ಮಷೀನಿಗೆ ಇಂಟರ್ನೆಟ್ ಬೇಕಾಗಿಯೇ ಇಲ್ಲ, ತೆಗೆದುಬಿಡಿ. ಪ್ರೋಗ್ರಾಮ್ ಹಾಕುವ ಪೆನ್‌ಡ್ರೈವ್ ಅದಕ್ಕೇ ಮೀಸಲಿರಲಿ. ಅದನ್ನು ಮೊದಲು ಇನ್ನೊಂದು ಕಂಪ್ಯೂಟರಿನಲ್ಲಿ ವೈರಸ್ ನೋಡಿಯೇ ಚುಚ್ಚಬೇಕು. ಇದಕ್ಕೆ ಬೇಕಾಗುವುದು ನೆಟ್‌ವರ್ಕ್ ಭಾಗ ಮಾಡಬಲ್ಲ ಒಂದು ಸ್ವಿಚ್ಚು, ಅದನ್ನು ಹೊಂದಿಸಲು ಬಲ್ಲವರು, ಅರ್ಧ ದಿನ.

ನೆಟ್‌ವರ್ಕನ್ನು ಭಾಗ ಮಾಡದಿದ್ದರೆ ಏನಾಗುತ್ತದೆ ಅಂತ ದಿಲ್ಲಿಯ ಏಮ್ಸ್ ಆಸ್ಪತ್ರೆ ನೋಡಿತು. 2022ರ ನವೆಂಬರ್ 23. ಸರ್ವರ್‌ಗಳು ಕೈಕೊಟ್ಟವು. ಒಪಿಡಿ ಚೀಟಿ, ಅಡ್ಮಿಷನ್, ಬಿಲ್ಲು ಎಲ್ಲ ಕೈಬರಹಕ್ಕೆ ಬಂತು. ಐದು ಸರ್ವರ್‌ಗಳಿಗೆ ಪೆಟ್ಟು ಬಿದ್ದು ಸುಮಾರು 1.3 ಟೆರಾಬೈಟ್ ಡೇಟಾಗೆ ಬೀಗ ಬಿತ್ತು ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಕಾರಣ ಏನು ಅಂತ ಕೇಳಿದ್ದಕ್ಕೆ ಕೊಟ್ಟ ಉತ್ತರ, ನೆಟ್‌ವರ್ಕನ್ನು ಸರಿಯಾಗಿ ವಿಭಾಗ ಮಾಡಿರಲಿಲ್ಲ ಅಂತ. ದೇಶದ ಹೆಸರಾಂತ ಆಸ್ಪತ್ರೆಗೆ ಬಂದ ಕಾಯಿಲೆಯೂ ಪೀಣ್ಯದ ಶಾಪಿನ ಕಾಯಿಲೆಯೂ ಒಂದೇ.

ಈಗ ರಿಪೋರ್ಟ್ ವಿಷಯಕ್ಕೆ ಬರೋಣ. ಪರೀಕ್ಷೆ ಮಾಡಿಸಿದಿರಿ. ನೂರಾರು ತೂತು ಅಂತ ಪಟ್ಟಿ ಬಂತು. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ ಇರುತ್ತದೆ. ಅಂಕ ಜಾಸ್ತಿ ಅಂದರೆ ಅಪಾಯ ಜಾಸ್ತಿ. ಎಲ್ಲರೂ 9.8ರಿಂದ ಶುರು ಮಾಡುತ್ತಾರೆ. ನಾನು ಬೇರೆ ಥರ ಹೇಳುತ್ತೇನೆ. ಮೊದಲು ಬೀದಿಗೆ ಕಾಣುವುದನ್ನು ನೋಡಿ. ಮೂಲೆಯ ರೂಮಿನ ಪ್ರಿಂಟರಿನಲ್ಲಿರುವ 9.8ಕ್ಕಿಂತ ರೂಟರಿನಲ್ಲಿರುವ 7 ಹೆಚ್ಚು ಅರ್ಜೆಂಟು. ಆಮೇಲೆ, ಕಳ್ಳರು ಈಗಾಗಲೇ ಬಳಸುತ್ತಿರುವ ತೂತು ಯಾವುದು ನೋಡಿ. ಅಮೆರಿಕದ ಸೀಸಾ ಅನ್ನುವ ಸರ್ಕಾರಿ ಸಂಸ್ಥೆ 2021ರ ನವೆಂಬರ್‌ನಿಂದ ಇಂಥ ತೂತುಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಿದೆ, ಪುಕ್ಕಟೆ. ನಿಮ್ಮ ರಿಪೋರ್ಟಿನಲ್ಲಿರುವುದು ಆ ಪಟ್ಟಿಯಲ್ಲೂ ಇದ್ದರೆ ಅವತ್ತೇ ಮುಚ್ಚಿ. ಪರೀಕ್ಷೆ ಮಾಡುವವರಿಗೆ 'ಈ ಎರಡು ಲೆಕ್ಕದಲ್ಲಿ ಮೊದಲ ಹತ್ತನ್ನು ಒಂದು ಪುಟದಲ್ಲಿ ಬರೆದುಕೊಡಿ' ಅಂತ ಕೇಳಿ. ಕೊಡದಿದ್ದರೆ ಬಾಕಿ ದುಡ್ಡು ಕೊಡಬೇಡಿ. ನಮ್ಮವರು ಇದನ್ನು ಕೇಳಿದರೆ ನನ್ನನ್ನು ಬೈಯುತ್ತಾರೆ, ಬೈಯಲಿ.

ಆದರೆ ಪಟ್ಟಿ ಮಾಡುವಾಗಲೇ ಒಂದು ಬಾಗಿಲು ಬಿಟ್ಟುಹೋದರೆ? ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಗೆ ಆದದ್ದು ಅದೇ. ಜನರ ಸಾಲದ ಚರಿತ್ರೆ ಇಟ್ಟುಕೊಳ್ಳುವ ಕಂಪನಿ ಅದು, ನಮ್ಮಲ್ಲಿ ಸಿಬಿಲ್ ಅನ್ನುತ್ತೇವಲ್ಲ ಹಾಗೆ. 2017ರ ಮಾರ್ಚ್‌ನಲ್ಲಿ ಅಪಾಚೆ ಸ್ಟ್ರಟ್ಸ್ ಅನ್ನುವ ಸಾಫ್ಟ್‌ವೇರಿನಲ್ಲಿ ತೂತು ಸಿಕ್ಕಿತು, ಪ್ಯಾಚೂ ಬಂತು. ಕಂಪನಿಯ ಭದ್ರತಾ ವಿಭಾಗದವರು 400ಕ್ಕೂ ಹೆಚ್ಚು ಜನರಿಗೆ ಮೇಲ್ ಹಾಕಿ, 48 ಗಂಟೆಯಲ್ಲಿ ಪ್ಯಾಚ್ ಹಾಕಿ ಅಂದರು. ಒಂದು ವಾರದೊಳಗೆ ಸ್ಕ್ಯಾನೂ ಮಾಡಿದರು. ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ಯಾಕೆಂದರೆ ದೂರು ದಾಖಲಿಸುವ ಒಂದು ಹಳೆಯ ಪೋರ್ಟಲ್ಲಿನಲ್ಲಿ ಆ ಸಾಫ್ಟ್‌ವೇರ್ ಇತ್ತು, ಅದು ಸ್ಕ್ಯಾನರಿಗೆ ಕಾಣಲಿಲ್ಲ, ಸಂಬಂಧಪಟ್ಟವರಿಗೆ ಆ ಮೇಲೂ ತಲುಪಿರಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಅಲ್ಲಿಂದಲೇ ಬಂದರು. ಜುಲೈ 29ರವರೆಗೆ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾಗದೇ ಇದ್ದಿದ್ದಕ್ಕೆ ಕಾರಣ ಕೇಳಿದರೆ ನಗಬೇಕೋ ಅಳಬೇಕೋ. ಒಳಗೆ ಹೊರಗೆ ಹೋಗುವ ಡೇಟಾ ತಪಾಸಣೆ ಮಾಡಲು ಅವರ ಹತ್ತಿರ ಒಂದು ಯಂತ್ರವೇ ಇತ್ತು. ಅದರ ಡಿಜಿಟಲ್ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ಹಾಗಾಗಿ ಗೂಢಲಿಪಿಯಲ್ಲಿ ಹೋಗುತ್ತಿದ್ದ ಡೇಟಾವನ್ನು ಅದು ತಪಾಸಣೆ ಮಾಡುತ್ತಲೇ ಇರಲಿಲ್ಲ. ಜುಲೈ 29ಕ್ಕೆ ಸರ್ಟಿಫಿಕೇಟ್ ಹೊಸದು ಹಾಕಿದರು. ಹಾಕಿದ ಕೂಡಲೇ ಕಳ್ಳತನ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಹೋಗಿತ್ತು. ನಿಮ್ಮ ಕ್ಯಾಲಿಬ್ರೇಶನ್ ಸರ್ಟಿಫಿಕೇಟಿಗೆ ಕೈ ಎತ್ತಿದಿರಲ್ಲ, ಅವರು ಎತ್ತಬೇಕಿದ್ದ ಕೈ ಇದು.

ಅದಕ್ಕೇ ನಾನು ಯಾವ ಕಡೆ ಹೋದರೂ ಮೊದಲ ದಿನ ಲ್ಯಾಪ್‌ಟಾಪ್ ತೆಗೆಯುವುದಿಲ್ಲ. ಒಂದು ನೋಟ್‌ಬುಕ್ ಹಿಡಿದು ಶಾಪ್ ಸುತ್ತುತ್ತೇನೆ. ನೆಟ್‌ವರ್ಕಿಗೆ ಸೇರಿದ್ದು ಏನೇನಿದೆ ಬರೆಯುತ್ತೇನೆ. ಬೆರಳು ಒತ್ತುವ ಹಾಜರಿ ಯಂತ್ರ, ಡಿವಿಆರ್, ಪ್ರಿಂಟರ್, ಸೋಲಾರ್ ಇನ್‌ವರ್ಟರ್, ಮಾಲೀಕರ ಮಗ ತಂದಿಟ್ಟ ವೈಫೈ ಡಬ್ಬ. ಒಂದು ಕಡೆ ವೇಸ್ಟ್ ಬಟ್ಟೆಯ ಗಂಟಿನ ಹಿಂದೆ ಒಂದು ರೂಟರ್ ಸಿಕ್ಕಿತು, ಲೈಟ್ ಮಿನುಗುತ್ತಾ ಇತ್ತು. ಅದು ಯಾವ ಕಾಲದ್ದು ಅಂತ ಯಾರಿಗೂ ನೆನಪಿರಲಿಲ್ಲ.

ನಮ್ಮೂರು ಕೋಲಾರದ ಕಡೆ. ನಮ್ಮಲ್ಲಿ ಕೆರೆಗೆ ನೀರುಗಂಟಿ ಇರುತ್ತಿದ್ದ. ಮಳೆಗಾಲಕ್ಕೆ ಮುಂಚೆ ಏರಿ ಮೇಲೆ ಉದ್ದಕ್ಕೂ ನಡೆಯುತ್ತಿದ್ದ, ಏಡಿ ತೂತು, ಇಲಿ ಬಿಲ ಹುಡುಕುತ್ತಾ. ಹೆಗಲ ಮೇಲೆ ಗುದ್ದಲಿ ಇರುತ್ತಿತ್ತು. ತೂತು ಕಂಡರೆ ಪಂಚಾಯಿತಿಗೆ ರಿಪೋರ್ಟ್ ಬರೆಯುತ್ತಿರಲಿಲ್ಲ. ಅಲ್ಲೇ ಅಗೆದು, ಜೇಡಿಮಣ್ಣು ಹಾಕಿ, ಕಾಲಲ್ಲಿ ತುಳಿದು ಮುಂದೆ ಹೋಗುತ್ತಿದ್ದ. ನಮ್ಮ ಕಂಪನಿಗಳಲ್ಲಿ ತೂತು ಹುಡುಕುವವನು ಒಬ್ಬ, ಗುದ್ದಲಿ ಇರುವವನು ಇನ್ನೊಬ್ಬ, ಮಣ್ಣಿಗೆ ಸಹಿ ಹಾಕುವವನು ಮತ್ತೊಬ್ಬ. ಕೊನೆಗೆ ಮೂವರೂ 'ಅವನು ಮಾಡ್ತಾನೆ' ಅಂತ ಸುಮ್ನೆ ಇರುತ್ತಾರೆ.

ಮರ್ಸ್ಕ್ ಅನ್ನುವ ಡೆನ್ಮಾರ್ಕಿನ ಹಡಗು ಕಂಪನಿ ಗೊತ್ತಿರಬೇಕು, ನಿಮ್ಮಲ್ಲಿ ಎಕ್ಸ್‌ಪೋರ್ಟ್ ಮಾಡುವವರಿಗೆ. ಅವರಲ್ಲಿ ಭದ್ರತೆ ಸರಿಮಾಡಲು ಯೋಜನೆ ಒಪ್ಪಿಗೆಯಾಗಿತ್ತು, ದುಡ್ಡೂ ಇಟ್ಟಿದ್ದರು. ಆದರೆ ಅದು ಮುಗಿದರೆ ಮೇಲಿನ ಅಧಿಕಾರಿಗಳ ಬೋನಸ್ಸಿಗೆ ಏನೂ ಸೇರುತ್ತಿರಲಿಲ್ಲ, ಹಾಗಾಗಿ ಕೆಲಸ ಮುಂದೆ ಹೋಗಲಿಲ್ಲ ಅಂತ ಆಮೇಲೆ ಪತ್ರಿಕಾ ವರದಿಯಲ್ಲಿ ಬಂತು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಅನ್ನುವ ಮಾಲ್‌ವೇರ್ ಅಪ್ಪಳಿಸಿತು. ನಮ್ಮ ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಗುಂಪಿನ ಟರ್ಮಿನಲ್ ಕೆಲಸವೂ ನಿಂತಿತು. 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹತ್ತು ದಿನದಲ್ಲಿ ಮತ್ತೆ ಹೊಸದಾಗಿ ಕಟ್ಟಬೇಕಾಯಿತು. ನಷ್ಟ 25ರಿಂದ 30 ಕೋಟಿ ಡಾಲರ್ ಅಂತ ಕಂಪನಿಯೇ ಹೇಳಿತು.

ಈ ಕಥೆಯಲ್ಲಿ ಒಂದು ತಮಾಷೆ ಇದೆ. ಇಡೀ ನೆಟ್‌ವರ್ಕಿಗೆ ಯಾರು ಯಾರು, ಯಾರಿಗೆ ಏನು ಅಧಿಕಾರ ಅಂತ ಲೆಕ್ಕ ಇಡುವ ಸರ್ವರ್‌ಗಳು ಸುಮಾರು 150 ಇದ್ದವು. ಒಂದು ಹೋದರೆ ಇನ್ನೊಂದಿದೆ ಅಂತ ಲೆಕ್ಕಾಚಾರ. ಎಲ್ಲಾ ಒಟ್ಟಿಗೆ ಹೋದರೆ ಅಂತ ಯಾರೂ ಯೋಚಿಸಿರಲಿಲ್ಲ. ಆಫ್ರಿಕಾದ ಘಾನಾದಲ್ಲಿ ಒಂದೇ ಒಂದು ಉಳಿದಿತ್ತು. ಯಾಕೆ? ದಾಳಿಗೆ ಸ್ವಲ್ಪ ಮುಂಚೆ ಅಲ್ಲಿ ಕರೆಂಟ್ ಹೋಗಿತ್ತು! ಈಗ ತಾನೇ ಇಲ್ಲಿ ಹೋಯಿತಲ್ಲ, ಹಾಗೆ. ನೀವು ಬೆಸ್ಕಾಂ ನಂಬಿಕೊಂಡು ಬ್ಯಾಕಪ್ ಇಡಬೇಡಿ. ಹೆಚ್ಚಿನ ಶಾಪ್‌ಗಳಲ್ಲಿ ಬ್ಯಾಕಪ್ ಹಾರ್ಡ್‌ಡಿಸ್ಕ್ ಅದೇ ಕಂಪ್ಯೂಟರಿಗೆ ಹಗಲೂ ರಾತ್ರಿ ಚುಚ್ಚಿಯೇ ಇರುತ್ತದೆ. ಕಂಪ್ಯೂಟರಿಗೆ ಬೀಗ ಬಿದ್ದರೆ ಅದಕ್ಕೂ ಬೀಳುತ್ತದೆ. ಎರಡು ಡಿಸ್ಕ್ ತನ್ನಿ. ಒಂದು ವಾರ ಒಂದು, ಮುಂದಿನ ವಾರ ಇನ್ನೊಂದು. ಕೆಲಸ ಇಲ್ಲದ ಡಿಸ್ಕ್ ಮನೆಯ ಬೀರುವಿನಲ್ಲಿರಲಿ. ಮೂರು ತಿಂಗಳಿಗೊಮ್ಮೆ ಅದರಿಂದ ಹಳೆಯ ಬಿಲ್ ಒಂದನ್ನು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅನ್ನುವುದಿಲ್ಲ.

ಸಣ್ಣ ಕಂಪನಿ ಮುಳುಗುವುದಾ ಅಂತ ಒಬ್ಬರು ಮುಂಚೆ ಕೇಳಿದರು. ಇಂಗ್ಲೆಂಡಿನ ಕೆಎನ್‌ಪಿ ಅನ್ನುವ ಸಾಗಣೆ ಕಂಪನಿ 158 ವರ್ಷದ್ದು. 500ರಷ್ಟು ಲಾರಿಗಳು. 2023ರಲ್ಲಿ ಒಬ್ಬ ನೌಕರನ ಪಾಸ್‌ವರ್ಡ್ ಊಹಿಸಿ ಕಳ್ಳರು ಒಳಗೆ ಬಂದರು ಅಂತ ನಂಬಲಾಗಿದೆ. ಡೇಟಾ ಎಲ್ಲ ಹೋಯಿತು. ವಿಮೆ ಕೂಡ ಇತ್ತು. ಆದರೂ ಕಂಪನಿ ಮುಚ್ಚಿ, ಸುಮಾರು 700 ಜನ ಕೆಲಸ ಕಳೆದುಕೊಂಡರು. ಕಳ್ಳರು ಬಂದಿದ್ದು ನಿನ್ನ ಪಾಸ್‌ವರ್ಡಿನಿಂದ ಅಂತ ಆ ನೌಕರನಿಗೆ ತಾವು ಹೇಳಿಲ್ಲ ಅಂತ ಕಂಪನಿಯ ನಿರ್ದೇಶಕರು ಆಮೇಲೆ ಹೇಳಿದರು. ನಾನಾಗಿದ್ದರೂ ಹೇಳುತ್ತಿರಲಿಲ್ಲ.

'ಕದಿಯೋಕೆ ಏನಿದೆ' ಅನ್ನುವುದಕ್ಕೆ ಇನ್ನೊಂದು ಉತ್ತರ ಬಾಕಿ ಇದೆ. ನಿಮ್ಮ ಹತ್ತಿರ ನಿಮ್ಮ ಗಿರಾಕಿಯ ಡ್ರಾಯಿಂಗ್ ಇದೆ. ಗಿರಾಕಿಯ ವೆಂಡರ್ ಪೋರ್ಟಲ್ಲಿಗೆ ನಿಮ್ಮ ಲಾಗಿನ್ ಇದೆ. ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ 2013ರಲ್ಲಿ 4 ಕೋಟಿ ಕಾರ್ಡ್‌ಗಳ ಮಾಹಿತಿ ಹೋಯಿತು. ಕಳ್ಳರು ಮೊದಲು ನುಗ್ಗಿದ್ದು ಟಾರ್ಗೆಟ್‌ಗಲ್ಲ, ಅದಕ್ಕೆ ಏಸಿ, ಫ್ರಿಜ್ ಕೆಲಸ ಮಾಡಿಕೊಡುತ್ತಿದ್ದ ಒಬ್ಬ ಗುತ್ತಿಗೆದಾರರ ಕಂಪನಿಗೆ. ಅಲ್ಲಿ ಸಿಕ್ಕಿದ ಲಾಗಿನ್ ಹಿಡಿದು ದೊಡ್ಡ ಮನೆಗೆ ಹೋದರು. ನಮ್ಮಲ್ಲೂ 2024ರ ಜುಲೈ ಕೊನೆಯಲ್ಲಿ ಬ್ಯಾಂಕ್‌ಗಳಿಗೆ ತಂತ್ರಜ್ಞಾನ ಒದಗಿಸುವ ಒಂದೇ ಕಂಪನಿಗೆ ದಾಳಿಯಾದಾಗ, ಸುಮಾರು 300 ಸಹಕಾರಿ, ಗ್ರಾಮೀಣ ಬ್ಯಾಂಕ್‌ಗಳ ಗಿರಾಕಿಗಳಿಗೆ ಯುಪಿಐ ಸಹಿತ ಪಾವತಿ ನಿಂತುಹೋಗಿತ್ತು. ನಿಮ್ಮ ದೊಡ್ಡ ಗಿರಾಕಿ ವಿಎಪಿಟಿ ಕೇಳುವುದು ಸುಮ್ನೆ ತೊಂದರೆ ಕೊಡಲು ಅಲ್ಲ. ಅವರ ಏರಿಯಲ್ಲಿರುವ ಇಲಿ ಬಿಲ ನೀವೇ ಆಗಿರಬಹುದು.

ಖರ್ಚಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಿಮ್ಮ ಸೈಜಿನ ಶಾಪಿಗೆ ದೊಡ್ಡ ಪರೀಕ್ಷೆ ಬೇಕಿಲ್ಲ. ವರ್ಷಕ್ಕೊಂದು ಸಲ ಯಾರನ್ನಾದರೂ ಕರೆಸಿ. ನಡುವೆ ಮೂರು ತಿಂಗಳಿಗೊಮ್ಮೆ ನಿಮ್ಮ ಹುಡುಗನೇ ತೆರೆದ ಪೋರ್ಟ್ ಹುಡುಕುವ, ಪುಕ್ಕಟೆ ಸಿಗುವ ಎನ್‌ಮ್ಯಾಪ್ ಸಾಫ್ಟ್‌ವೇರಿನಿಂದ, ನಿಮ್ಮದೇ ನೆಟ್‌ವರ್ಕನ್ನು ಹೊರಗಿನಿಂದ ನೋಡಲಿ. ಗಿರಾಕಿಗೆ ಸರ್ಟಿಫಿಕೇಟ್ ಬೇಕಾದರೆ ಸರ್ಟ್-ಇನ್ ಒಪ್ಪಿರುವ ಆಡಿಟರ್‌ಗಳ ಪಟ್ಟಿ ಇದೆ, ಅದರಲ್ಲಿ ಆರಿಸಿಕೊಳ್ಳಿ. ಒಪ್ಪಂದದಲ್ಲೇ ಒಂದು ಸಾಲು ಸೇರಿಸಿ: ಸರಿಮಾಡಿದ ಮೇಲೆ ಮತ್ತೊಮ್ಮೆ ಬಂದು ನೋಡಬೇಕು ಅಂತ. ಆ ಸಾಲು ಇಲ್ಲದ ಒಪ್ಪಂದಕ್ಕೆ ನೀವು ಕೊಡುವ ದುಡ್ಡು ಬೀರುವಿನಲ್ಲಿಡುವ ಕಾಗದಕ್ಕೆ ಕೊಟ್ಟ ಹಾಗೆ.

ಪ್ರಶ್ನೆಗಳಿಗೆ ಅಂತ ಕೊನೆಯಲ್ಲಿ ಸಮಯ ಇಟ್ಟಿದ್ದರು. ಒಬ್ಬರು ಆಂಟಿವೈರಸ್ ಇದ್ದರೆ ಸಾಲದಾ ಅಂದರು. ಸಾಲದು, ಆಂಟಿವೈರಸ್ ಮನೆಯೊಳಗಿನ ನಾಯಿ, ಬಾಗಿಲಿಗೆ ಬೀಗವೂ ಬೇಕು ಅಂದೆ. ಇನ್ನೊಬ್ಬರು ದುಡ್ಡು ಕೊಟ್ಟರೆ ಕಳ್ಳರು ಫೈಲ್ ವಾಪಸ್ ಕೊಡುತ್ತಾರಾ ಅಂದರು. ಕೊಡಬಹುದು, ಕೊಡದೆಯೂ ಇರಬಹುದು. ನಾಟ್‌ಪೆಟ್ಯಾದಲ್ಲಂತೂ ವಾಪಸ್ ಕೊಡುವ ವ್ಯವಸ್ಥೆಯೇ ಇರಲಿಲ್ಲ, ದುಡ್ಡು ಕೇಳಿದ್ದೇ ನಾಟಕ.

ಎಲ್ಲ ಮುಗಿದು ಕಾಫಿ ಕುಡಿಯುವಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಫೋನ್ ಹಿಡಿದುಕೊಂಡು ಬಂದರು. ಫ್ಯಾಬ್ರಿಕೇಶನ್ ಶಾಪ್ ಇದೆಯಂತೆ. ನನ್ನ ಮಾತು ನಡೆಯುತ್ತಿದ್ದಾಗಲೇ ಹೊರಗೆ ಹೋಗಿ ತಮ್ಮ ಹುಡುಗನಿಗೆ ಫೋನ್ ಮಾಡಿದ್ದರು.

'ಕ್ಯಾಮೆರಾ ಡಬ್ಬದ ಪಾಸ್‌ವರ್ಡ್ ಏನಪ್ಪಾ ಅಂತ ಕೇಳಿದೆ' ಅಂದರು.

'ಏನಂದ ಸಾರ್?'

'ಅದಕ್ಕೂ ಪಾಸ್‌ವರ್ಡ್ ಇರುತ್ತಾ ಅಂದ.'